ಎಡಕ್ಕೆ ಎಂಜಿನ್, ಬಲಕ್ಕೆ ಮನುಷ್ಯರು: ಏರ್‌ಫಿಕ್ಸ್‌ನ ಬಿವಿ 141 ಕಿಟ್

ಪೆಟ್ಟಿಗೆಯ ಮೇಲಿನ ಚಿತ್ರವನ್ನು ಕಂಡ ಕೂಡಲೇ ನನ್ನ ಅಕ್ಕನ ಮಗಳು ಕೇಳಿದ್ದು ಒಂದೇ ಮಾತು: ‘ಮಾಮ, ಇದರ ಇನ್ನೊಂದು ಅರ್ಧ ಎಲ್ಲಿ?’ ಬ್ಲೋಮ್ ಉಂಡ್ ಫಾಸ್ ಬಿವಿ 141 ವಿಮಾನವನ್ನು ಹನ್ನೊಂದು ವರ್ಷದ ಹುಡುಗಿಯ ಆ ಪ್ರಶ್ನೆಗಿಂತ ಚೆನ್ನಾಗಿ ಪರಿಚಯಿಸುವುದು ಕಷ್ಟ. ರೆಕ್ಕೆಯ ಎಡಭಾಗದಲ್ಲಿ ಎಂಜಿನ್ನೂ ಅದರ ಹಿಂದೆ ಬಾಲದವರೆಗೆ ಚಾಚಿದ ಸಣಕಲು ಒಡಲೂ ಇವೆ. ಬಲಭಾಗದಲ್ಲಿ, ಆ ಎಂಜಿನ್ನಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಮೂವರು ಕೂರುವ ಗಾಜಿನ ಕೋಣೆಯೊಂದು ರೆಕ್ಕೆಗೆ ಅಂಟಿಕೊಂಡಿದೆ. ಬಾಲದ ಅಡ್ಡರೆಕ್ಕೆಯಂತೂ ಎಡಕ್ಕೆ ಚಾಚಿದೆಯೇ ಹೊರತು ಬಲಕ್ಕೆ ಇಲ್ಲವೇ ಇಲ್ಲವೆನ್ನಬಹುದು. ಮೊದಲ ನೋಟಕ್ಕೆ ಮುರಿದ ವಿಮಾನದಂತೆ ಕಾಣುವ ಇದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ನಿಜವಾಗಿಯೂ ಹಾರಿದ ವಿಮಾನ.

ಆ ವಿಮಾನವನ್ನು 72ರಲ್ಲಿ ಒಂದು ಪಾಲಿಗೆ ಇಳಿಸಿ ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ ಹೊರತಂದ, ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್‌ ಈ ಬರಹದ ವಿಷಯ. ಅಚ್ಚು 1970ರ ಆಸುಪಾಸಿನದು; ಅಲ್ಲಿಂದೀಚೆಗೆ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಅದೇ ಅಚ್ಚಿನ ಭಾಗಗಳು ಮತ್ತೆ ಮತ್ತೆ ಮಾರುಕಟ್ಟೆಗೆ ಬಂದಿವೆ. ಕಳೆದ ಮಳೆಗಾಲದಲ್ಲಿ, ಮಂಗಳೂರಿನ ಮನೆಯಲ್ಲಿ, ಸುಮಾರು ಏಳು ವಾರಗಳ ಸಂಜೆಗಳನ್ನು ನಾನು ಇದಕ್ಕೆ ಕೊಟ್ಟೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಂದಿನ ಕಿಟ್‌ಗಳ ಸೂಕ್ಷ್ಮ ಕೆತ್ತನೆಯನ್ನು ಇದರಲ್ಲಿ ಹುಡುಕಬಾರದು, ಆದರೆ ಈ ವಿಮಾನದ ಆಕಾರ ಏಕೆ ಹಾಗಿದೆ ಎಂಬುದು ಕೈಗೆ ತಿಳಿಯಬೇಕಾದರೆ ಇಷ್ಟು ಸರಳವಾದ ಕಿಟ್ಟೇ ಸಾಕು, ಬಹುಶಃ ಇದೇ ಒಳ್ಳೆಯದು. ನಾಲ್ಕಾರು ಪುಸ್ತಕಗಳಲ್ಲಿ ಇದರ ಚಿತ್ರ ನೋಡಿದ್ದಾಗಲೂ ನನಗೆ ಇದೊಂದು ವಿಚಿತ್ರ ಪ್ರಯೋಗ ಎಂದಷ್ಟೇ ಅನ್ನಿಸಿತ್ತು. ಕಟ್ಟಿ ಮುಗಿಸಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ಆಕಾರದ ಹಿಂದಿನ ಕಾರಣ ತಿಳಿಯದೆ ಈ ಕಿಟ್ಟನ್ನು ಕಟ್ಟಬಾರದು ಎಂಬುದು ನನ್ನ ನಂಬಿಕೆ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1937ರಲ್ಲಿ ಜರ್ಮನಿಯ ವಾಯುಯಾನ ಸಚಿವಾಲಯವು ಒಂದೇ ಎಂಜಿನ್ನಿನ, ಮೂವರು ಕೂರುವ, ಎಲ್ಲ ದಿಕ್ಕಿಗೂ ಚೆನ್ನಾಗಿ ಕಣ್ಣು ಹಾಯಿಸಬಹುದಾದ ವಿಚಕ್ಷಣಾ ವಿಮಾನವೊಂದು ಬೇಕೆಂದು ಕೇಳಿತು. ಕೇಳಿದ್ದರಲ್ಲೇ ತೊಡಕಿತ್ತು. ಒಂದೇ ಎಂಜಿನ್ ಎಂದರೆ ವಾಡಿಕೆಯಂತೆ ಅದು ಮೂಗಿನಲ್ಲಿರಬೇಕು. ಮೂಗಿನಲ್ಲಿ ಎಂಜಿನ್ ಇದ್ದರೆ ಅದರ ಹಿಂದೆ ಕೂತವರಿಗೆ ಮುಂದಿನ ನೆಲ ಕಾಣದು. ನೆಲ ಕಾಣದ ವಿಚಕ್ಷಣಾ ವಿಮಾನದಿಂದ ಪ್ರಯೋಜನವಿಲ್ಲ. ಅರಾಡೊ ಸಂಸ್ಥೆಯು ವಾಡಿಕೆಯ ಆಕಾರದ ವಿಮಾನವನ್ನೇ ಮುಂದಿಟ್ಟಿತು. ಫೋಕೆ-ವುಲ್ಫ್ ಸಂಸ್ಥೆಯು ‘ಒಂದೇ ಎಂಜಿನ್’ ಎಂಬ ಷರತ್ತನ್ನು ಬದಿಗಿಟ್ಟು, ಎರಡು ಎಂಜಿನ್, ಎರಡು ಬಾಲದ ತೊಲೆ, ನಡುವೆ ಗಾಜಿನ ಕೋಣೆ ಇರುವ ಫೋಕೆ-ವುಲ್ಫ್ 189 ಅನ್ನು ರೂಪಿಸಿತು. ಹ್ಯಾಂಬರ್ಗಿನ ಹಡಗು ಕಟ್ಟುವ ಮನೆತನವಾದ ಬ್ಲೋಮ್ ಉಂಡ್ ಫಾಸ್‌ನ ವಿಮಾನ ವಿಭಾಗದಲ್ಲಿ ಮುಖ್ಯ ವಿನ್ಯಾಸಕಾರರಾಗಿದ್ದ ರಿಚರ್ಡ್ ಫೋಗ್ಟ್ ಅವರು ಷರತ್ತನ್ನು ಉಳಿಸಿಕೊಂಡು ವಾಡಿಕೆಯನ್ನು ಬಿಟ್ಟರು. ಎಂಜಿನ್ ಅಡ್ಡ ಬರುವುದಾದರೆ ಅದನ್ನು ಪಕ್ಕಕ್ಕೆ ಸರಿಸಿದರಾಯಿತು ಎಂಬುದು ಅವರ ಉತ್ತರ.

ಪಕ್ಕಕ್ಕೆ ಸರಿಸಿದರೆ ವಿಮಾನ ಒಂದು ಕಡೆಗೆ ವಾಲುವುದಿಲ್ಲವೇ? ನಮ್ಮ ಕಡೆ ಅಡ್ಡೆ ಹೊರುವವರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೋಲಿನ ಎರಡು ತುದಿಯ ಹೊರೆಗಳು ಒಂದೇ ಆಕಾರದವಾಗಿರಬೇಕಿಲ್ಲ, ಒಂದೇ ತೂಕದವೂ ಆಗಿರಬೇಕಿಲ್ಲ. ಭಾರದ ಕಡೆಗೆ ಹೆಗಲನ್ನು ಸ್ವಲ್ಪ ಸರಿಸಿಕೊಂಡರೆ ನಡೆಯುವವನು ನೆಟ್ಟಗೆ ನಡೆಯುತ್ತಾನೆ. ಬಿವಿ 141ರ ಎಡದ ಎಂಜಿನ್ನೂ ಬಲದ ಕೋಣೆಯೂ ಹಾಗೆಯೇ ರೆಕ್ಕೆಯೆಂಬ ಕೋಲಿನ ಎರಡು ಹೊರೆಗಳು, ಅವುಗಳ ನಡುವೆ ಎಲ್ಲೋ ವಿಮಾನದ ಭಾರಕೇಂದ್ರವಿದೆ. ಇದರ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ಮೂಗಿನಲ್ಲಿ ಒಂದೇ ಪ್ರೊಪೆಲ್ಲರ್ ತಿರುಗುವ ಯಾವ ವಿಮಾನವೂ ಪೂರ್ಣ ಶಕ್ತಿಯಲ್ಲಿ ಏರುವಾಗ ಒಂದು ಪಕ್ಕಕ್ಕೆ ತಿರುಗಲು ನೋಡುತ್ತದೆ, ಪೈಲಟ್ ಕಾಲಿನಿಂದ ಒತ್ತಿ ಅದನ್ನು ಸರಿಪಡಿಸುತ್ತಿರಬೇಕು. ಪೈಲಟ್ಟಿನ ಕಣ್ಣಿಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುವ ಪ್ರೊಪೆಲ್ಲರ್ ಮೂಗನ್ನು ಎಡಕ್ಕೆ ಎಳೆಯುತ್ತದೆ; ಎಂಜಿನ್ ಭಾರಕೇಂದ್ರದ ಎಡಕ್ಕಿದ್ದರೆ ಅದರ ಎಳೆತ ಮೂಗನ್ನು ಬಲಕ್ಕೆ ತಿರುಗಿಸಲು ನೋಡುತ್ತದೆ. ಒಂದು ಓರೆಯನ್ನು ಇನ್ನೊಂದು ಓರೆ ತೀರಿಸುತ್ತದೆ. ಅಂದರೆ ಕಣ್ಣಿಗೆ ಸರಿಸಮವಾಗಿ ಕಾಣುವ ವಿಮಾನ ಹಾರುವಾಗ ಓರೆ, ಕಣ್ಣಿಗೆ ಓರೆಯಾದ ಇದು ಹಾರುವಾಗ ನೇರ ಎಂಬ ಮಾತಿಗೆ ಗಟ್ಟಿಯಾದ ಆಧಾರವಿದೆ.

1938ರ ಫೆಬ್ರವರಿ 25ರಂದು ಮೊದಲ ಮಾದರಿ ಹಾರಿತು. ಮೊದಲ ತಂಡದ ವಿಮಾನಗಳಿಗೆ ಎಂಜಿನ್ನಿನ ಶಕ್ತಿ ಸಾಲದೆಂಬ ಕಾರಣಕ್ಕೆ ಸಚಿವಾಲಯ 1940ರಲ್ಲಿ ಅವನ್ನು ತಿರಸ್ಕರಿಸಿತು. ಫೋಗ್ಟ್ ಬಿಡಲಿಲ್ಲ. ಎಂಜಿನ್ನನ್ನು ಬದಲಿಸಿ, ಸುಮಾರು 1,560 ಅಶ್ವಶಕ್ತಿಯ ಬಿಎಂಡಬ್ಲ್ಯೂ 801 ಅನ್ನು ಕೂರಿಸಿ, ರೆಕ್ಕೆಯನ್ನು ಹಿಗ್ಗಿಸಿ ‘ಬಿ’ ಮಾದರಿಯನ್ನು ಸಿದ್ಧಪಡಿಸಿದರು. ಬಾಲದ ಅಡ್ಡರೆಕ್ಕೆಯ ಬಲಭಾಗವನ್ನು ತೆಗೆದುಹಾಕಿದ್ದು ಈ ಮಾದರಿಯಲ್ಲಿಯೇ: ಕೋಣೆಯ ಹಿಂತುದಿಯಲ್ಲಿ ಕೂತ ಬಂದೂಕಿನವನಿಗೆ ತನ್ನದೇ ವಿಮಾನದ ಬಾಲ ಅಡ್ಡ ಬರಬಾರದೆಂದು. ಏರ್‌ಫಿಕ್ಸ್ ಕಿಟ್ ತೋರಿಸುವುದು ಈ ‘ಬಿ’ ಮಾದರಿಯನ್ನು. ಆದರೆ ಅದೇ ಬಿಎಂಡಬ್ಲ್ಯೂ 801 ಎಂಜಿನ್ ಫೋಕೆ-ವುಲ್ಫ್ 190 ಯುದ್ಧವಿಮಾನಕ್ಕೂ ಬೇಕಾಗಿತ್ತು, ಯುದ್ಧದ ನಡುವೆ ಅದಕ್ಕೇ ಮೊದಲ ಪಾಲು. ವಿಚಕ್ಷಣೆಯ ಕೆಲಸವನ್ನು ಫೋಕೆ-ವುಲ್ಫ್ 189 ಆಗಲೇ ವಹಿಸಿಕೊಂಡಿತ್ತು; ಅದು ಎಂಟುನೂರಕ್ಕೂ ಹೆಚ್ಚು ತಯಾರಾಯಿತು. ಬಿವಿ 141 ಇಪ್ಪತ್ತರ ಆಸುಪಾಸಿನಲ್ಲಿ ನಿಂತುಹೋಯಿತು. ಇಂದು ಒಂದೂ ಉಳಿದಿಲ್ಲ. ಯಾವ ವಸ್ತುಸಂಗ್ರಹಾಲಯಕ್ಕೆ ಹೋದರೂ ಇದನ್ನು ನೋಡಲಾಗದು, ಹೀಗಾಗಿ ಇದನ್ನು ಮೂರು ಆಯಾಮದಲ್ಲಿ ಸುತ್ತಿ ನೋಡಬೇಕೆನ್ನುವವರಿಗೆ ಇಂಥ ಕಿಟ್ಟೇ ಗತಿ.

ಇನ್ನು ಪೆಟ್ಟಿಗೆಯೊಳಗಿನ ಮಾತು. ನಿಜವಾದ ವಿಮಾನದ ರೆಕ್ಕೆಯ ಹರವು ಸುಮಾರು ಹದಿನೇಳೂವರೆ ಮೀಟರ್, ಉದ್ದ ಸುಮಾರು ಹದಿನಾಲ್ಕು ಮೀಟರ್. ಈ ಅಳತೆಯಲ್ಲಿ ಅದು 24 ಸೆಂಟಿಮೀಟರ್ ಅಗಲ, 19 ಸೆಂಟಿಮೀಟರ್ ಉದ್ದಕ್ಕೆ ಇಳಿಯುತ್ತದೆ, ಪುಸ್ತಕದ ಕಪಾಟಿನ ಒಂದು ಅಂಕಣದಲ್ಲಿ ಹಾಯಾಗಿ ಕೂರುತ್ತದೆ. ಭಾಗಗಳು ಹೆಚ್ಚಿಲ್ಲ. ಇಂದಿನ ಕಿಟ್‌ಗಳಲ್ಲಿ ಚಾಲಕನ ಆಸನ ಒಂದಕ್ಕೇ ಐದಾರು ಚೂರುಗಳಿರುತ್ತವೆ. ಇಲ್ಲಿ ಅಂಥ ತಲೆಬಿಸಿಯಿಲ್ಲ. ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಎಂಬ ಚೌಕಟ್ಟಿನಿಂದ ಎಲ್ಲವನ್ನೂ ಒಮ್ಮೆಗೇ ಕತ್ತರಿಸಿ ತೆಗೆಯುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು, ಏಕೆಂದರೆ ಇದು ಎಡ-ಬಲ ಜೋಡಿಗಳಿರುವ ವಿಮಾನವಲ್ಲ. ಕತ್ತರಿಸಿ ಬಟ್ಟಲಿಗೆ ಹಾಕಿದ ಒಂಟಿ ಚೂರು ಯಾವ ಮಗ್ಗುಲಿನದೆಂದು ಅದರ ಜೋಡಿಯನ್ನು ನೋಡಿ ತಿಳಿಯುವ ಅನುಕೂಲ ಇಲ್ಲಿಲ್ಲ. ನಾನು ಚೂರುಗಳನ್ನು ಸ್ಪ್ರೂನಲ್ಲೇ ಬಿಟ್ಟು, ಬೇಕಾದಾಗ ಬೇಕಾದ್ದನ್ನಷ್ಟೇ ತೆಗೆದುಕೊಂಡೆ.

ಮೇಲ್ಮೈಯನ್ನು ನೋಡಿದ ಕೂಡಲೇ ಕಿಟ್‌ನ ಕಾಲ ಗೊತ್ತಾಗುತ್ತದೆ. ಆ ದಿನಗಳ ವಾಡಿಕೆಯಂತೆ ರಿವೆಟ್‌ಗಳೂ ತಗಡಿನ ಸಂದುಗೆರೆಗಳೂ ಉಬ್ಬಿ ನಿಂತಿವೆ. ಇಂದಿನ ಕಿಟ್‌ಗಳಲ್ಲಿ ಅವನ್ನು ಒಳಕ್ಕೆ ಕೊರೆದಿರುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ: ಮಾದರಿಯ ಮೇಲೆ ರಿವೆಟ್ ಬರಿಯ 0.2 ಮಿಲಿಮೀಟರ್ ಎತ್ತರವಿದ್ದರೂ, 72ರಿಂದ ಗುಣಿಸಿದರೆ ನಿಜವಾದ ವಿಮಾನದ ಮೇಲೆ ಹದಿನಾಲ್ಕು ಮಿಲಿಮೀಟರ್ ಎತ್ತರದ ಗುಬಟು ಎದ್ದಂತಾಯಿತು. ಅಂಥ ವಿಮಾನ ಹಾರಿದರೂ ನಿಧಾನವಾಗಿ ಹಾರೀತು. ಆದರೂ ಎಲ್ಲವನ್ನೂ ಉಜ್ಜಿ ಬೋಳು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಈ ರಿವೆಟ್‌ಗಳನ್ನು ಅಚ್ಚಿನಲ್ಲಿ ಒಂದೊಂದಾಗಿ ಕೊರೆದ ಕುಶಲಕರ್ಮಿಗಳ ಕೆಲಸ ಅದು. ಅಲ್ಲದೆ ಪೂರ್ತಿ ಬೋಳಾದ ರೆಕ್ಕೆ ಸೋಪಿನ ಬಿಲ್ಲೆಯಂತೆ ಕಾಣುತ್ತದೆ. 1000ರ ನಂಬರಿನ ನೀರು-ಕಾಗದವನ್ನು (ಒದ್ದೆ ಮಾಡಿ ಉಜ್ಜುವ ಮರಳುಕಾಗದವನ್ನು) ಬೆರಳ ತುದಿಗೆ ಸುತ್ತಿ, ಒದ್ದೆ ಮಾಡಿ, ರೆಕ್ಕೆಯ ಮೇಲೆ ಹಗುರವಾಗಿ ಎಂಟು ಹತ್ತು ಸಲ ಎಳೆದೆ. ಬೆರಳಿಗೆ ರಿವೆಟ್ ಇನ್ನೂ ತಿಳಿಯುವಂತಿತ್ತು, ಕಣ್ಣಿಗೆ ಮಾತ್ರ ಹಿಂದೆ ಸರಿದಿತ್ತು. ಅಲ್ಲಿಗೆ ನಿಲ್ಲಿಸಿದೆ. ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳ ತೆಳು ಪೊರೆ, ಕೂರಬೇಕಾದ ಜಾಗಗಳಲ್ಲಿ ಮಾತ್ರ ಪೂರ್ತಿ ನುಣುಪು ಮಾಡಿದೆ, ಅದರ ಕಾರಣ ಮುಂದೆ ಬರುತ್ತದೆ.

ಈ ಕಿಟ್‌ನ ಜೀವ ಇರುವುದು ಬಲಗಡೆಯ ಗಾಜಿನ ಕೋಣೆಯಲ್ಲಿ, ಕಷ್ಟ ಇರುವುದೂ ಅಲ್ಲಿಯೇ. ಪೈಲಟ್, ವೀಕ್ಷಕ, ಹಿಂದಿನ ಬಂದೂಕಿನವ ಈ ಮೂವರೂ ಕೂರುವ ಈ ಕೋಣೆಯಲ್ಲಿ ಮುಂದೆ, ಮೇಲೆ, ಪಕ್ಕದಲ್ಲಿ, ಹಿಂದೆ ಎಲ್ಲೆಲ್ಲೂ ಗಾಜು. ಆ ಗಾಜನ್ನು ಹಿಡಿದಿಡುವ ಲೋಹದ ಪಟ್ಟಿಗಳೋ ಲೆಕ್ಕವಿಲ್ಲದಷ್ಟು. ಮಾದರಿಯಲ್ಲಿ ಪಟ್ಟಿಗಳಿಗೆ ಬಣ್ಣ ಹಚ್ಚಬೇಕು, ಗಾಜಿಗೆ ಹನಿಯೂ ತಾಗಬಾರದು. ನಾನು ತೆಳು ಮಾಸ್ಕಿಂಗ್ ಟೇಪನ್ನು ಗಾಜಿನ ಹಲಗೆಯ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಒಂದು ಮಿಲಿಮೀಟರ್ ಅಗಲದ ಎಳೆಗಳನ್ನು ಸೀಳಿಕೊಂಡು, ಪ್ರತಿ ಕಿಟಕಿಯ ನಾಲ್ಕು ಅಂಚಿಗೂ ಒಂದೊಂದು ಎಳೆಯನ್ನು ಚಿಮಟದಿಂದ ಕೂರಿಸಿ, ನಡುವಿನ ಜಾಗವನ್ನು ತುಂಡು ಟೇಪಿನಿಂದ ಮುಚ್ಚಿದೆ. ಒಂದು ಸಂಜೆಗೆ ಏಳೆಂಟು ಕಿಟಕಿಗಳಿಗಿಂತ ಹೆಚ್ಚು ಆಗುವುದಿಲ್ಲ, ಆಗಬೇಕೆಂದು ಹೊರಟರೆ ಕಣ್ಣು ಸೋತು ಟೇಪು ಓರೆಯಾಗುತ್ತದೆ. ಈ ಕೆಲಸಕ್ಕೆ ನನಗೆ ಎರಡು ವಾರ ಹಿಡಿಯಿತು. ಏಳು ವಾರಗಳಲ್ಲಿ ನಾನು ಅತ್ಯಂತ ಪ್ರೀತಿಯಿಂದ ಕಳೆದದ್ದು ಆ ಎರಡು ವಾರಗಳನ್ನೇ.

ಪಟ್ಟಿಗಳಿಗೆ ಬಣ್ಣ ಹಚ್ಚುವ ಕ್ರಮದಲ್ಲಿಯೂ ಒಂದು ಗುಟ್ಟಿದೆ. ಗಾಜಿನ ಪಟ್ಟಿ ಒಳಗಿನಿಂದ ನೋಡಿದರೂ ಕಾಣುತ್ತದೆ. ಹೊರಗಿನ ಹಸಿರನ್ನೇ ನೇರವಾಗಿ ಹಚ್ಚಿದರೆ ಒಳಗಿನಿಂದಲೂ ಹಸಿರೇ ಕಂಡು ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ಮೊದಲು ಕೋಣೆಯ ಒಳಬಣ್ಣವನ್ನು, ಅದರ ಮೇಲೆ ಹೊರಬಣ್ಣವನ್ನು ಹಚ್ಚಬೇಕು. ಒಳಗೆ ನಾನು ಆ ವರ್ಷಗಳ ಜರ್ಮನ್ ವಿಮಾನಗಳಲ್ಲಿ ಬಳಕೆಗೆ ಬಂದ ಕಪ್ಪುಬೂದು ಬಣ್ಣವನ್ನು ಆರಿಸಿದೆ. ಒಳಗಿನ ಸಾಮಾನು ಸರಂಜಾಮು ಕಿಟ್‌ನಲ್ಲಿ ಕಡಿಮೆ. ಇಷ್ಟೊಂದು ಗಾಜಿರುವ ವಿಮಾನಕ್ಕೆ ಅದು ಸಾಲದು ಎಂದು ನನಗೆ ಅನ್ನಿಸಿದ್ದರಿಂದ, ಸೀಟು ಪಟ್ಟಿಗಳನ್ನು ಸಿಗರೇಟು ಪ್ಯಾಕಿನ ಬೆಳ್ಳಿಕಾಗದದಿಂದಲೂ, ಉಪಕರಣದ ಫಲಕವನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದಲೂ ಮಾಡಿ ಸೇರಿಸಿದೆ. ಇದು ಕಡ್ಡಾಯವಲ್ಲ. ಆದರೆ ಕೋಣೆ ಮುಚ್ಚಿದ ಮೇಲೆ ಸೇರಿಸಲಾಗದು, ಹೀಗಾಗಿ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಅಂಟಿನ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಯಿತು, ಇನ್ನೊಬ್ಬರಿಗೆ ಆಗದಿರಲಿ ಎಂದು ಹೇಳುತ್ತೇನೆ. ಪಾರದರ್ಶಕ ಭಾಗವೊಂದನ್ನು, ಬೇಗ ಹಿಡಿಯಲಿ ಎಂಬ ಅವಸರದಲ್ಲಿ, ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂನಿಂದ ಕೂರಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈ ಮೇಲೆ ಮಂಜು ಕಟ್ಟಿದಂತೆ ಬಿಳಿಯ ಪೊರೆ. ಆ ಅಂಟು ಒಣಗುವಾಗ ಬಿಡುವ ಹಬೆ ಹತ್ತಿರದ ಪ್ಲಾಸ್ಟಿಕ್ಕಿನ ಮೇಲೆ ಹೀಗೆ ಕೂರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಅದು ಎದ್ದು ಕಾಣುತ್ತದೆ, ಮಂಗಳೂರಿನ ಜುಲೈಯಲ್ಲಿ ತೇವಕ್ಕೆ ಕೊರತೆಯಿಲ್ಲ. ಅದೃಷ್ಟಕ್ಕೆ ಭಾಗವನ್ನು ಬಿಡಿಸಲು ಬಂತು. ಒಳಗಿನ ಪೊರೆಯನ್ನು 2000ರ ಕಾಗದದಿಂದ ಉಜ್ಜಿ, ಮೇಲೆ ಹತ್ತಿಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಅರ್ಧ ಗಂಟೆ ತಿಕ್ಕಿದ ಮೇಲೆ ಗಾಜು ಮತ್ತೆ ಗಾಜಾಯಿತು. ಆಮೇಲೆ ಎಲ್ಲ ಪಾರದರ್ಶಕ ಭಾಗಗಳಿಗೂ ಬಳಸಿದ್ದು ಮನೆಮನೆಯಲ್ಲಿರುವ ಫೆವಿಕಾಲನ್ನು. ಬಿಳಿಯಾಗಿ ಕಂಡರೂ ತೆಳುವಾಗಿ ಹಚ್ಚಿದರೆ ಒಣಗಿದ ಮೇಲೆ ಬಣ್ಣವಿಲ್ಲದಂತಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ಒರೆಸಬಹುದು, ತಪ್ಪಿದರೆ ನೀರಿನಲ್ಲಿ ನೆನೆಸಿ ಬಿಡಿಸಬಹುದು. ಗಾಜಿಗೆ ಬಲವೇನೂ ಬೀಳದಿರುವುದರಿಂದ ಅದರ ಹಿಡಿತ ಸಾಕು.

ಎರಡನೆಯ ಕಷ್ಟವನ್ನು ನಾನು ಊಹಿಸಿಯೇ ಇರಲಿಲ್ಲ. ಸಾಮಾನ್ಯ ವಿಮಾನದ ಮಾದರಿಯನ್ನು ಕಟ್ಟುವಾಗ ನೆಟ್ಟಗಿದೆಯೇ ಎಂದು ನೋಡುವುದು ಸುಲಭ: ಎಡ ರೆಕ್ಕೆಯ ತುದಿಯಿಂದ ಬಾಲದ ಎಡತುದಿಗೆ ಎಷ್ಟೋ, ಬಲದಲ್ಲೂ ಅಷ್ಟೇ ಇರಬೇಕು. ಒಂದು ದಾರ ಸಾಕು. ಬಿವಿ 141ರಲ್ಲಿ ಹೋಲಿಸಲು ಇನ್ನೊಂದು ಕಡೆಯೇ ಇಲ್ಲ. ಬಾಲದ ಅಡ್ಡರೆಕ್ಕೆ ಒಂದೇ ಮಗ್ಗುಲಿಗೆ ಇರುವುದರಿಂದ ಅದು ಒಂದೆರಡು ಡಿಗ್ರಿ ವಾಲಿದ್ದರೂ ಕಣ್ಣು ಅದನ್ನು ವಿಮಾನದ ಸಹಜ ಓರೆ ಎಂದೇ ತಿಳಿದು ಸುಮ್ಮನಾಗುತ್ತದೆ. ಮೊದಲ ಸಲ ಅಂಟಿಲ್ಲದೆ ಜೋಡಿಸಿ ಊಟದ ಮೇಜಿನ ಮೇಲಿಟ್ಟಾಗ ನನಗೆ ಎಲ್ಲವೂ ಸರಿಯಾಗಿದೆ ಎನ್ನಿಸಿತು. ಅಕ್ಕನ ಮಗಳು ಮೇಜಿನ ಅಂಚಿಗೆ ಗಲ್ಲವಿಟ್ಟು ನೋಡಿ, ‘ಕೋಣೆ ಒಂದು ಕಡೆ ನೋಡ್ತಿದೆ, ಎಂಜಿನ್ ಇನ್ನೊಂದು ಕಡೆ ನೋಡ್ತಿದೆ ಮಾಮ’ ಎಂದಳು. ಅವಳ ಮಾತು ನಿಜವಾಗಿತ್ತು. ನಾನು ಕೋಣೆಯನ್ನು ಸರಿಯಾಗಿ ಒತ್ತಿ ಕೂರಿಸಿರಲಿಲ್ಲ.

ಆಮೇಲೆ ಹೀಗೆ ಮಾಡಿದೆವು. ದೊಡ್ಡ ಗ್ರಾಫ್ ಹಾಳೆಯ ಮೇಲೆ ಎರಡು ಸಮಾಂತರ ಗೆರೆಗಳನ್ನು ಎಳೆದೆವು: ಒಂದು ಎಂಜಿನ್ನಿನ ನಡುಗೆರೆ, ಇನ್ನೊಂದು ಕೋಣೆಯ ನಡುಗೆರೆ. ರೆಕ್ಕೆ ಇವೆರಡಕ್ಕೂ ಅಡ್ಡಲಾಗಿ ಲಂಬಕೋನದಲ್ಲಿ ಬರಬೇಕು. ಹಾಳೆಯನ್ನು ದಪ್ಪ ಥರ್ಮೊಕೋಲಿಗೆ ಚುಚ್ಚಿ, ಗುಂಡುಸೂಜಿಗಳನ್ನು ಗೆರೆಯ ಎರಡು ಬದಿಗೆ ನೆಟ್ಟು, ಎಂಜಿನ್ನಿನ ಒಡಲು ಅವುಗಳ ನಡುವೆ ಅಲುಗದಂತೆ ಕೂರಿಸಿ, ರೆಕ್ಕೆಗೆ ಅಂಟು ಹಚ್ಚಿ ಒಂದು ರಾತ್ರಿ ಬಿಟ್ಟೆವು. ಮರುದಿನ ಕೋಣೆ. ಮೂರನೆಯ ದಿನ ಬಾಲದ ನಿಲುರೆಕ್ಕೆಯನ್ನು ಶಾಲೆಯ ಕಂಪಾಸು ಪೆಟ್ಟಿಗೆಯ ಮೂಲೆಮಟ್ಟಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಆ ಒಂಟಿ ಅಡ್ಡರೆಕ್ಕೆಯ ತುದಿಯ ಎತ್ತರವನ್ನು ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಇಟ್ಟು ಹೊಂದಿಸಿದೆವು. ವಿಮಾನದಲ್ಲಿ ಸಮ್ಮಿತಿ ಇಲ್ಲದಿದ್ದರೂ ಸಮಾಂತರ ಇದೆ, ಲಂಬ ಇದೆ ಎಂಬುದು ನನಗೆ ಹೊಳೆದದ್ದು ಆ ಗ್ರಾಫ್ ಹಾಳೆಯ ಮುಂದೆ. ಫೋಗ್ಟ್ ಅವರು ಬಿಟ್ಟುಕೊಟ್ಟದ್ದು ಎಡ-ಬಲಗಳ ಹೋಲಿಕೆಯನ್ನು ಮಾತ್ರ. ಉಳಿದ ಶಿಸ್ತು ಒಂದಿಷ್ಟೂ ಸಡಿಲವಾಗಿಲ್ಲ. ಪುಸ್ತಕದಲ್ಲಿ ಎಷ್ಟು ಓದಿದರೂ ನನಗೆ ಇದು ತಿಳಿದಿರಲಿಲ್ಲ, ಈ ಕಿಟ್ಟನ್ನು ಕೊಂಡುಕೊಳ್ಳಿ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣವೂ ಇದೇ.

ಬಣ್ಣದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಮೇಲ್ಮೈಗೆ, ಜರ್ಮನಿಯ ಅದೇ ವಾಯುಯಾನ ಸಚಿವಾಲಯದ (ಆರ್‌ಎಲ್‌ಎಂ) ಬಣ್ಣದ ಪಟ್ಟಿಯಂತೆ, ಆರ್‌ಎಲ್‌ಎಂ 70 ಎಂಬ ಕಪ್ಪುಹಸಿರು ಮತ್ತು ಆರ್‌ಎಲ್‌ಎಂ 71 ಎಂಬ ಕಡುಹಸಿರು, ಮುರಿದ ಗಾಜಿನ ಚೂರುಗಳಂತೆ ನೇರ ಅಂಚಿನ ತೇಪೆಗಳಾಗಿ. ಕೆಳಮೈಗೆ ಆರ್‌ಎಲ್‌ಎಂ 65 ಎಂಬ ತಿಳಿನೀಲಿ. ಹಂಬ್ರೋಲ್ ಕಂಪನಿಯ ಎನಾಮೆಲ್ ಬಣ್ಣಗಳಲ್ಲಿ ಇವಕ್ಕೆ 91, 30, 65ರ ಡಬ್ಬಿಗಳು ಹತ್ತಿರ ಬರುತ್ತವೆ. ಎರಡು ಹಸಿರುಗಳ ನಡುವಿನ ವ್ಯತ್ಯಾಸ ಬಹಳ ಕಡಿಮೆ, ಹಚ್ಚಿದ ಮೇಲೆ ಒಂದೇ ಬಣ್ಣದಂತೆ ತೋರಿದರೆ ಗಾಬರಿಯಾಗಬೇಕಿಲ್ಲ; ಹಳೆಯ ಫೋಟೋಗಳಲ್ಲೂ ಅದು ಹಾಗೆಯೇ ಕಾಣುತ್ತದೆ. ಕಡುಹಸಿರಿಗೆ ಒಂದೆರಡು ಹನಿ ಬೂದು ಬೆರೆಸಿ ತಿಳಿ ಮಾಡಿದರೆ ಚಿಕ್ಕ ಮಾದರಿಯ ಮೇಲೆ ತೇಪೆಗಳು ಬಿಡಿಸಿ ಕಾಣುತ್ತವೆ. ಕರಾವಳಿಯ ಮಳೆಗಾಲದಲ್ಲಿ ಎನಾಮೆಲ್ ಒಣಗುವುದು ಬಹಳ ನಿಧಾನ. ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ 40 ವ್ಯಾಟಿನ ಬಲ್ಬನ್ನು ತೂಗುಹಾಕಿ, ಮಾದರಿ ಬೆಚ್ಚಗಿರುವಷ್ಟೇ ದೂರದಲ್ಲಿಟ್ಟು, ಪ್ರತಿ ಬಣ್ಣಕ್ಕೂ ಮೂರು ದಿನ ಬಿಟ್ಟೆ. ಬಲ್ಬಿನ ಹತ್ತಿರಕ್ಕೆ ತಂದರೆ ರೆಕ್ಕೆ ಮೆತ್ತಗಾಗಿ ಬಾಗುತ್ತದೆ, ಅದರ ಬಗ್ಗೆ ಎಚ್ಚರ ಬೇಕು.

ಡೆಕಾಲ್‌ಗಳಿಗೆ ಬಂದರೆ, ಉಬ್ಬಿದ ರಿವೆಟ್‌ನ ಮೇಲೆ ತೆಳು ಪೊರೆ ಕೂತಾಗ ಅದರಡಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಹೊಳೆಯುತ್ತದೆ. ಒಮ್ಮೆ ಹಾಗಾದರೆ ಸರಿಪಡಿಸುವುದು ಕಷ್ಟ. ಅದಕ್ಕಾಗಿಯೇ ನಾನು ಆ ಜಾಗಗಳನ್ನು ಮೊದಲೇ ನುಣುಪು ಮಾಡಿದ್ದು. ಹೊಳಪಿನ ವಾರ್ನಿಷ್ ಹಚ್ಚಿ, ಡೆಕಾಲ್ ಮೆದುಗೊಳಿಸುವ ದ್ರವವನ್ನು ಬಳಸಿ, ಒದ್ದೆ ಹತ್ತಿಕಡ್ಡಿಯಿಂದ ನಡುವಿನಿಂದ ಅಂಚಿಗೆ ಉರುಳಿಸಿದರೆ ಬಣ್ಣದಲ್ಲಿ ಕರಗಿದಂತೆ ಕೂರುತ್ತದೆ. ಬಾಲದ ಮೇಲೆ ಆಗ ಇದ್ದ ನಾಜಿ ಚಿಹ್ನೆಯನ್ನು ಇಂದಿನ ಬಹುತೇಕ ತಯಾರಕರು ಡೆಕಾಲ್ ಹಾಳೆಯಲ್ಲಿ ಕೊಡುವುದಿಲ್ಲ. ಜರ್ಮನಿಯ ಕಾನೂನು ಅದರ ಸಾರ್ವಜನಿಕ ಪ್ರದರ್ಶನವನ್ನು ನಿರ್ಬಂಧಿಸುತ್ತದೆ. ಚರಿತ್ರೆಗೆ ನಿಷ್ಠೆ ಬೇಕೆಂದು ಅದನ್ನು ಬೇರೆ ಕಡೆಯಿಂದ ತರಿಸಿ ಅಂಟಿಸುವವರಿದ್ದಾರೆ. ನಾನು ಖಾಲಿ ಬಿಟ್ಟೆ. ಈ ವಿಮಾನದ ಜಾಣ್ಮೆಯನ್ನು ಮೆಚ್ಚುವಾಗ ಅದು ಯಾರ ಕೈಗೆ ಸೇರಿತ್ತು ಎಂಬುದನ್ನು ನಾನು ಮರೆತಿಲ್ಲ, ಆ ಚಿಹ್ನೆ ನನ್ನ ಮನೆಯ ಕಪಾಟಿನಲ್ಲಿ ಇರಬೇಕೆಂದೂ ಅನ್ನಿಸಲಿಲ್ಲ.

ಈ ವಿಮಾನದ ಕತೆಯ ಒಂದು ಎಳೆ ಬೆಂಗಳೂರಿಗೆ ಬಂದು ಮುಟ್ಟುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಬಿವಿ 141ರ ಕೆಲಸವನ್ನು ಕಸಿದುಕೊಂಡ ಫೋಕೆ-ವುಲ್ಫ್ 189, ಅದರ ಎಂಜಿನ್ನಿನ ಪಾಲನ್ನು ಕಸಿದುಕೊಂಡ ಫೋಕೆ-ವುಲ್ಫ್ 190 ಎರಡೂ ಹೊರಬಂದದ್ದು ಕುರ್ಟ್ ಟ್ಯಾಂಕ್ ಅವರ ವಿನ್ಯಾಸಶಾಲೆಯಿಂದ. ಯುದ್ಧ ಮುಗಿದ ಮೇಲೆ ಫೋಗ್ಟ್ ಅಮೆರಿಕೆಗೆ ಹೋದರು. ಟ್ಯಾಂಕ್ ಅರ್ಜೆಂಟೀನಾದ ಮೂಲಕ 1956ರಲ್ಲಿ ಭಾರತಕ್ಕೆ ಬಂದು, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಎಚ್‌ಎಫ್-24 ಮಾರುತ್ ಜೆಟ್ ವಿಮಾನವನ್ನು ರೂಪಿಸಿದರು. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರ ಹೆಸರಿನ ರಸ್ತೆಯಲ್ಲಿ ಬೆಂಗಳೂರಿನ ಎಷ್ಟೋ ಜನ ದಿನವೂ ಓಡಾಡುತ್ತಾರೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲೂ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯದಲ್ಲೂ ಮಾರುತ್ ಇದೆ. ಕಿಟ್ ಮುಗಿದ ವಾರ ಬೆಂಗಳೂರಿಗೆ ಹೋದಾಗ ಅಕ್ಕನ ಮಗಳನ್ನು ಅದರ ಮುಂದೆ ನಿಲ್ಲಿಸಿ, ನಮ್ಮ ಓರೆ ವಿಮಾನವನ್ನು ಹಿಂದಿಕ್ಕಿದವರು ಮಾಡಿದ್ದು ಇದು ಎಂದು ತೋರಿಸಿದೆ. ಅವಳು ವಿಮಾನದ ಎರಡು ಮಗ್ಗುಲಿಗೂ ಹೋಗಿ ನೋಡಿ ಬಂದಳು.

ಯಾರು ಕೊಳ್ಳಬೇಕು, ಯಾರು ಕೊಳ್ಳಬಾರದು? ಒಳಗಿನ ಪ್ರತಿ ತಿರುಪೂ ಕಾಣಬೇಕು, ಗೆರೆಗಳು ಕೂದಲೆಳೆಯಷ್ಟು ತೆಳುವಾಗಿ ಒಳಕ್ಕೆ ಕೊರೆದಿರಬೇಕು ಎನ್ನುವವರಿಗೆ ಹಾಬಿಬಾಸ್ ಸಂಸ್ಥೆಯ 1/48 ಅಳತೆಯ ಬಿವಿ 141 ಇದೆ. ಅದು ಕಟ್ಟಿದ ಮೇಲೆ 36 ಸೆಂಟಿಮೀಟರ್ ಅಗಲವಾಗುತ್ತದೆ, ಜಾಗವೂ ಹಣವೂ ಹೆಚ್ಚು ಬೇಕು; ಗಾಜಿನ ಕೋಣೆಯ ಅಂದಕ್ಕೆ ಆ ಅಳತೆಯೇ ತಕ್ಕದ್ದು ಎಂಬುದನ್ನು ನಾನು ಒಪ್ಪುತ್ತೇನೆ. ಮೊದಲ ಬಾರಿಗೆ ಕಿಟ್ ಕಟ್ಟುವವರು ಏರ್‌ಫಿಕ್ಸ್‌ನ ಬಿವಿ 141ರಿಂದ ಆರಂಭಿಸಬಾರದು. ಭಾಗಗಳು ಕಡಿಮೆ ಎಂಬುದು ನಿಜವಾದರೂ ಗಾಜಿನ ಕೆಲಸಕ್ಕೆ ಪಳಗಿದ ಕೈ ಬೇಕು. ಮೂರು ನಾಲ್ಕು ಸಾಮಾನ್ಯ ವಿಮಾನಗಳನ್ನು ಕಟ್ಟಿ, ಇನ್ನೂ ಒಂದು ಯುದ್ಧವಿಮಾನವೇ ಏಕೆ ಎಂದು ಅನ್ನಿಸತೊಡಗಿದವರಿಗೆ ಇದನ್ನು ಮನಸಾರೆ ಸೂಚಿಸುತ್ತೇನೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಹಳೆಯ ಅಚ್ಚಿನ ಕಿಟ್ ಆದ್ದರಿಂದ ಎಲ್ಲ ಕಾಲದಲ್ಲೂ ಅಂಗಡಿಯಲ್ಲಿ ಸಿಗುವುದಿಲ್ಲ, ಬಹಳ ಸಲ ಹಳೆಯ ದಾಸ್ತಾನನ್ನೇ ಹುಡುಕಬೇಕು. ನನಗೆ ಸಿಕ್ಕಿದ್ದು ಹೊರದೇಶದ ಒಬ್ಬ ಮಾರಾಟಗಾರರಿಂದ. ಪೆಟ್ಟಿಗೆಯನ್ನು ತೆಳು ಚೀಲದಲ್ಲಿ ಸುತ್ತಿ ಕಳಿಸಿದ್ದರಿಂದ ಮೂಲೆ ಜಜ್ಜಿ, ಒಂದು ಪಾರದರ್ಶಕ ಭಾಗದಲ್ಲಿ ಕೂದಲೆಳೆಯ ಬಿರುಕು ಬಿದ್ದಿತ್ತು. ಬರೆದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬಿರುಕು ಒಂದು ಪಟ್ಟಿಯ ಅಂಚಿಗೇ ಇದ್ದದ್ದರಿಂದ ಬಣ್ಣದಡಿ ಅಡಗಿಸಲು ಸಾಧ್ಯವಾಯಿತು. ಆದ್ದರಿಂದ ತರಿಸುವ ಮೊದಲೇ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರೆಯೇ ಎಂದು ಕೇಳಿ, ಗಾಜಿನ ಭಾಗಗಳ ಫೋಟೋ ತರಿಸಿಕೊಂಡು ನೋಡಿ. ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ನಮ್ಮ ಬಿವಿ 141 ಕಪಾಟಿನ ಮೂರನೆಯ ಅಂಕಣದಲ್ಲಿದೆ, ಕಿಟಕಿಯ ಬೆಳಕು ಕೋಣೆಯ ಗಾಜಿನ ಮೂಲಕ ಹಾದುಹೋಗುವಂತೆ ಬಲಮಗ್ಗುಲನ್ನು ಹೊರಕ್ಕೆ ತಿರುಗಿಸಿ ಇಟ್ಟಿದ್ದೇನೆ. ಪಕ್ಕದ ಜಾಗವನ್ನು ಖಾಲಿ ಬಿಟ್ಟಿದೆ. ಏರ್‌ಫಿಕ್ಸ್ ಇದೇ ಅಳತೆಯಲ್ಲಿ ಫೋಕೆ-ವುಲ್ಫ್ 189 ಅನ್ನೂ ಹೊರತಂದಿದೆ, ಅದನ್ನು ಹುಡುಕುತ್ತಿದ್ದೇನೆ. ಒಂದೇ ಪ್ರಶ್ನೆಗೆ ಬಂದ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ತಿಳಿನೀಲಿಯ ಡಬ್ಬಿಯಲ್ಲಿ ಅರ್ಧ ಉಳಿದಿದೆ, ಅದರ ಕೆಳಮೈಗೆ ಸಾಕಾಗುತ್ತದೆ.